ಹಂಪಿಯ ಸೊನ್ನೆ, ಹೊಸಪೇಟೆಯ ಏತ್ವ

ತಮ್ಮನ ಮಗಳು ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿದ್ದಾಳೆ. ಸುತ್ತಲಿನ ಕಚೇರಿಗಳಿಂದ ಬರುವ ಪಟ್ಟಿಗಳನ್ನು ಒಟ್ಟುಗೂಡಿಸುವ ಕೆಲಸ. ಸೇರಿದ ಹೊಸತರಲ್ಲೇ ಅವಳ ದೂರು ಬಂತು: “ದೊಡ್ಡಪ್ಪ, ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಂ ಆಫೀಸಿನ ಕಂಪ್ಯೂಟರಿನಲ್ಲಿ ಮುಗ್ಗರಿಸುತ್ತೆ. ಫೈಲಿನಲ್ಲಿ ಹೊಸಪೇಟೆ ಕಾಣುತ್ತೆ, ಹಂಪಿ ಕಾಣುತ್ತೆ, ಹುಡುಕಿದರೆ ಮಾತ್ರ ಎರಡೂ ಸಿಗಲ್ಲ.” ಅವಳಿಗೆ ಬರೆದುಕೊಟ್ಟದ್ದು ಇದು. ಕಂಪ್ಲಿ, ಸಂಡೂರು ಕಡೆಯ ಹುಡುಗರೂ ಇದೇ ತಾಪತ್ರಯ ಹೇಳಿಕೊಂಡು ಬರುತ್ತಾರೆ. ಅವರಿಗೂ ಆದೀತು.

• ಕೋಡ್ ಮುಟ್ಟುವ ಮೊದಲು ಫೈಲನ್ನು ಕಾಪಾಡಿಕೊ. ಬಂದದ್ದನ್ನು ಬಂದ ಹಾಗೆಯೇ ಬೇರೆ ಫೋಲ್ಡರಿನಲ್ಲಿಟ್ಟು ‘ಓದಲು ಮಾತ್ರ’ ಎಂದು ಮಾಡಿಬಿಡು. ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ‘ಸೇವ್ ಮಾಡಲೇ?’ ಎಂದು ಅದು ಕೇಳಿದ್ದಕ್ಕೆ ಹೂಂ ಅಂದರೆ ನೀನು ಒಂದಕ್ಷರ ಬದಲಿಸದಿದ್ದರೂ ಫೈಲು ಬದಲಾಗಿರುತ್ತದೆ. ದಿನಾಂಕ ಬೇರೆ ರೂಪಕ್ಕೆ ಹೋಗಿರುತ್ತದೆ, ಮುಂದಿನ ಸೊನ್ನೆ ಉದುರಿರುತ್ತದೆ, ಕೆಲವು ಸಲ ಕನ್ನಡವೇ ಅಳಿಸಿಹೋಗಿರುತ್ತದೆ. ಮೂಲ ಇಲ್ಲದಿದ್ದರೆ ಆಮೇಲೆ ಯಾವ ಜಾಣತನವೂ ನಡೆಯುವುದಿಲ್ಲ. ನೋಡಲೇಬೇಕಿದ್ದರೆ ಎಕ್ಸೆಲ್‌ನ ‘ಡೇಟಾ’ ಮೆನುವಿನಿಂದ ಇಂಪೋರ್ಟ್ ಮಾಡು. ಅಲ್ಲಿ ಯಾವ ಕಾಲಂ ಪಠ್ಯ, ಯಾವುದು ಸಂಖ್ಯೆ ಎಂದು ನೀನೇ ಹೇಳಬಹುದು.

• ಪರದೆಯ ಮೇಲೆ ಕಂಡದ್ದರ ಬಗ್ಗೆ ಜಗಳಕ್ಕೆ ಇಳಿಯಬೇಡ, ಬೈಟು ನೋಡು. ಎರಡು ಕಂಪ್ಯೂಟರಿನಲ್ಲಿರುವ ‘ಅದೇ’ ಫೈಲಿನ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ.

ವ್ಯತ್ಯಾಸ ಬರೀ 3 ಬೈಟ್ ಇದ್ದರೆ ಫೈಲಿನ ತಲೆಯಲ್ಲಿ ಬಿಒಎಂ ಕೂತಿದೆ ಎಂದು ಅರ್ಥ: 239, 187, 191 ಎಂಬ ಮೂರು ಬೈಟು. ಮೊದಲ ಕಾಲಮ್ಮಿನ ಹೆಸರು ‘ಗ್ರಾಮ’ ಎಂದು ಸ್ಪಷ್ಟವಾಗಿ ಕಂಡರೂ ಪ್ರೋಗ್ರಾಂ ‘ಅಂಥ ಕಾಲಮ್ಮೇ ಇಲ್ಲ’ ಎಂದು ಹಟ ಹಿಡಿಯುವುದು ಇದರಿಂದಲೇ. ವ್ಯತ್ಯಾಸ ಸರಿಯಾಗಿ ಸಾಲುಗಳ ಸಂಖ್ಯೆಯಷ್ಟೇ ಇದ್ದರೆ ಸಾಲಿನ ಕೊನೆಯ ಗುರುತು ಬೇರೆ. ಇವೆರಡೂ ಅಲ್ಲದೆ ಮೂರರ ಮಗ್ಗಿಯಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಕನ್ನಡ ಅಕ್ಷರಗಳನ್ನೇ ಅನುಮಾನಿಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಗುಣಿತದ ಗುರುತು, ಪ್ರತಿ ವಿರಾಮ 3 ಬೈಟ್ ತೆಗೆದುಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದ್ದರೆ ಎನ್‌ಕೋಡಿಂಗೂ ಸಾಲಿನ ಗುರುತೂ ಕೆಳಗಿನ ಪಟ್ಟಿಯಲ್ಲೇ ಕಾಣುತ್ತವೆ. ಲಿನಕ್ಸ್‌ನಲ್ಲಿ ‘ಫೈಲ್’ ಎಂಬ ಕಮಾಂಡೇ ಹೇಳುತ್ತದೆ. ಎರಡೂ ಇಲ್ಲದ ಕಡೆ ಪೈಥಾನಿನಲ್ಲಿ ಬೈನರಿ ಮೋಡಿನಲ್ಲಿ ತೆರೆದು ಮೊದಲ ನೂರು ಬೈಟನ್ನು ಲಿಸ್ಟ್ ಮಾಡಿ ಮುದ್ರಿಸು. ಸಂಖ್ಯೆಗಳು ದಶಮಾನದಲ್ಲೇ ಬರುತ್ತವೆ, ಓದಲು ಕಷ್ಟವಿಲ್ಲ.

• ಹಂಪಿ, ಕಂಪ್ಲಿ, ಸಂಡೂರು. ನಮ್ಮ ನಾಲ್ಕರಲ್ಲಿ ಮೂರು ಹೆಸರಿಗೆ ಸೊನ್ನೆ ಇದೆ. ಅನುಸ್ವಾರದ ಸೊನ್ನೆಯ ಯೂನಿಕೋಡ್ ಸಂಖ್ಯೆ 3202. ಕನ್ನಡ ಅಂಕಿಯ ಸೊನ್ನೆಯದು 3302. ಆಕಾರದಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬಹುದು. ಟೈಪ್ ಮಾಡುವವರು ಯಾವುದು ಕೈಗೆ ಸಿಕ್ಕಿತೋ ಅದನ್ನು ಒತ್ತಿರುತ್ತಾರೆ, ಅಚ್ಚಿನಲ್ಲಿ ಯಾರಿಗೂ ಗೊತ್ತಾಗುವುದೂ ಇಲ್ಲ. ಹೀಗಾಗಿ ಒಂದೇ ಪಟ್ಟಿಯಲ್ಲಿ ‘ಹಂಪಿ’ಯೂ ಇರುತ್ತದೆ, ‘ಹ೦ಪಿ’ಯೂ ಇರುತ್ತದೆ. ಈ ವಾಕ್ಯದಲ್ಲಿ ನಾನು ಬೇಕೆಂದೇ ಎರಡನ್ನೂ ಬರೆದಿದ್ದೇನೆ. ಎರಡನೆಯದರಲ್ಲಿ ಕೂತಿರುವುದು ಅಂಕಿ. ಕೆಲವು ಫಾಂಟಿನಲ್ಲಿ ಅಂಕಿಯ ಸೊನ್ನೆ ಕೊಂಚ ದಪ್ಪ ಕಂಡೀತು, ಅಷ್ಟೇ. ಕಂಪ್ಯೂಟರಿಗೆ ಮಾತ್ರ ಇವು ಎರಡು ಬೇರೆ ಊರು, ಮೊತ್ತ ತೆಗೆದರೆ ಎರಡು ಬೇರೆ ಸಾಲಿನಲ್ಲಿ ಬರುತ್ತವೆ.

ಬೈಟ್ ಲೆಕ್ಕದಲ್ಲೂ ಇದು ಸಿಕ್ಕಿಬೀಳುವುದಿಲ್ಲ, ಎರಡಕ್ಕೂ ಮೂರೇ ಬೈಟು. ಆದ್ದರಿಂದ ಇದನ್ನು ಹುಡುಕಿಯೇ ಹಿಡಿಯಬೇಕು. ಎಲ್ಲ 3302ನ್ನೂ ಕಣ್ಣುಮುಚ್ಚಿ 3202ಕ್ಕೆ ಬದಲಿಸಿಬಿಟ್ಟೀಯ, ಹುಷಾರು. ಪಕ್ಕದ ಕಾಲಮ್ಮಿನಲ್ಲಿ ‘೧೦೦’ ಇದ್ದರೆ ಅದು ಹಾಳಾಗುತ್ತದೆ. ಅಕ್ಕಪಕ್ಕ ನೋಡಿ ನಿರ್ಧರಿಸು: ಹಿಂದೆ ಅಕ್ಷರ ಅಥವಾ ಗುಣಿತ ಇದ್ದರೆ ಅದು ಅನುಸ್ವಾರ, ಅಂಕಿ ಇದ್ದರೆ ಅಂಕಿಯ ಸೊನ್ನೆ. ಉಲ್ಟಾ ತಪ್ಪೂ ಉಂಟು. ಒಂದರ ಮುಂದೆ ಎರಡು ಅನುಸ್ವಾರ ಹಾಕಿ ನೂರು ಎಂದು ಬರೆದವರಿದ್ದಾರೆ.

• ಹೊಸಪೇಟೆಗೆ ಸೊನ್ನೆಯ ಕಾಟವಿಲ್ಲ, ಗುಣಿತದ ಕಾಟವಿದೆ. ‘ಹೊ’ ಬರೆಯಲು ಯೂನಿಕೋಡ್ ಎರಡು ದಾರಿ ಬಿಟ್ಟಿದೆ. ಹ ಜೊತೆಗೆ ಒತ್ವದ ಒಂದೇ ಗುರುತು (3274) ಇಡಬಹುದು, ಅಥವಾ ಎತ್ವ (3270), ಕೊಂಬಿನ ದೀರ್ಘ (3266) ಎಂಬ ಎರಡು ಗುರುತನ್ನು ಒಂದರ ಹಿಂದೆ ಒಂದು ಇಡಬಹುದು. ‘ಪೇ’ ಕೂಡ ಹಾಗೆಯೇ: ಏತ್ವದ ಒಂದೇ ಗುರುತು (3271), ಇಲ್ಲವೇ ಎತ್ವ ಮತ್ತು ದೀರ್ಘದ ಗುರುತು (3285). ನೋಡಲು ಎರಡೂ ಹೊಸಪೇಟೆಯೇ. ಮೊದಲ ರೀತಿಯಲ್ಲಿ 7 ಗುರುತು, 21 ಬೈಟು. ಎರಡನೆಯದರಲ್ಲಿ 9 ಗುರುತು, 27 ಬೈಟು. ತೋರಣಗಲ್ಲಿನ ‘ತೋ’ದ ಓತ್ವವಂತೂ ಪೂರ್ತಿ ಬಿಚ್ಚಿದರೆ ಮೂರು ಗುರುತಾಗಿ ನಿಲ್ಲುತ್ತದೆ.

ಬಿಚ್ಚಿದ ರೂಪ ಎಲ್ಲಿಂದ ಬರುತ್ತದೆ? ಹಳೆಯ ನುಡಿ ಫಾಂಟಿನ ಪಠ್ಯದಲ್ಲಿ ದೀರ್ಘದ ಗುರುತು ಪ್ರತ್ಯೇಕ ಚಿತ್ರವಾಗಿ ಇರುತ್ತಿತ್ತು. ಚಿತ್ರಕ್ಕೆ ಚಿತ್ರ ಬದಲಿಸಿ ಯೂನಿಕೋಡ್ ಮಾಡುವ ಪರಿವರ್ತಕ ಅದನ್ನು ಹಾಗೇ ಬಿಟ್ಟಿರುತ್ತದೆ. ಇನ್ನೊಂದು ಮೂಲ ಮ್ಯಾಕ್. ಅದರ ಹಳೆಯ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಚ್ಚಿಯೇ ಇಡುತ್ತಿತ್ತು. ಅಂಥ ಮ್ಯಾಕಿನಿಂದ ಬಂದ ‘ಹೊಸಪೇಟೆ’ ಎಂಬ ಹೆಸರಿನ ಫೈಲು ಲಿನಕ್ಸ್ ಸರ್ವರಿನಲ್ಲಿ ಕಣ್ಣೆದುರಿಗಿದ್ದರೂ ನಿನ್ನ ಪ್ರೋಗ್ರಾಮಿಗೆ ಸಿಗದಿರುವುದು ಈ ಕಾರಣಕ್ಕೆ.

ಪರಿಹಾರ ಒಂದು ಸಾಲಿನದು. ಓದಿದ ತಕ್ಷಣ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ನಾರ್ಮಲೈಸ್ ಮಾಡು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದಕ್ಕೆ ಸಿದ್ಧ ಸೌಲಭ್ಯ ಇದೆ. ಆದರೆ ಎನ್‌ಎಫ್‌ಸಿ ಮಾಡಿದೆನಲ್ಲ ಎಂದು ಸೊನ್ನೆಯ ವಿಚಾರ ಮರೆಯಬೇಡ. ಅನುಸ್ವಾರ ಯಾವುದು, ಅಂಕಿ ಯಾವುದು ಎಂಬ ಗೊಡವೆಗೆ ಅದು ಹೋಗುವುದಿಲ್ಲ.

• ಕಾಣದ ಅಕ್ಷರಗಳೂ ಇವೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ 8204 ಸಂಖ್ಯೆಯ, ಅಗಲವೇ ಇಲ್ಲದ ಅಕ್ಷರ ಕೂತಿರುತ್ತದೆ. ‘ರಾಜ್ಕುಮಾರ್’ ಎಂದು ಒತ್ತಕ್ಷರ ಮಾಡಿದವರಲ್ಲಿ ಅದು ಇರುವುದಿಲ್ಲ. ಅದರ ಅಣ್ಣತಮ್ಮನಂತೆ 8205 ಒಂದಿದೆ. ವೆಬ್ ಪುಟದಿಂದ ನಕಲಿಸಿ ತಂದ ಖಾಲಿ ಜಾಗ 32 ಆಗಿರದೆ 160 ಆಗಿರಬಹುದು. ಹೋಲಿಸಲೆಂದೇ ಒಂದು ಪ್ರತ್ಯೇಕ ಕಾಲಂ ಮಾಡಿಕೊಂಡು ಅದರಲ್ಲಿ ಮಾತ್ರ 8204, 8205 ತೆಗೆದುಹಾಕು, 160ನ್ನು 32 ಮಾಡು. ಜನ ಓದುವ ಕಾಲಮ್ಮಿನಲ್ಲಿ ಇರಲಿ, ತೆಗೆದರೆ ಹೆಸರು ವಿಕಾರವಾಗಿ ಕಾಣುತ್ತದೆ.

• ಗಡಿ ಹತ್ತಿರದ ಊರು ನಮ್ಮದು. ತುಂಗಭದ್ರಾ ನೀರಿನ ಲೆಕ್ಕವೇ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಸೇರಿದ್ದು, ಪಟ್ಟಿಗಳಲ್ಲಿ ತೆಲುಗು ಅಕ್ಷರವೂ ಬೆರೆತೀತು. ತೆಲುಗಿನ ‘ర’ಕ್ಕೂ ಕನ್ನಡದ ‘ರ’ಕ್ಕೂ ಕಣ್ಣು ಮೋಸ ಹೋಗುವುದು ಸುಲಭ. ಕನ್ನಡದ ಅಕ್ಷರಗಳೆಲ್ಲ 3200ರಿಂದ 3327ರೊಳಗೆ, ತೆಲುಗಿನವು 3072ರಿಂದ 3199ರೊಳಗೆ. ಕನ್ನಡ ಎಂದು ಬಂದ ಕಾಲಮ್ಮಿನಲ್ಲಿ ಈ ಗೆರೆ ದಾಟಿದ ಸಂಖ್ಯೆ ಇದೆಯೇ ಎಂದು ಒಂದು ಸಲ ಜರಡಿ ಹಿಡಿ.

• ಕನ್ನಡ ಕೆಟ್ಟು ಕಂಡಾಗ ಮೊದಲು ಯಾವ ಥರ ಕೆಟ್ಟಿದೆ ಎಂದು ನೋಡು.

ಚೌಕ ಪೆಟ್ಟಿಗೆಗಳು ಕಂಡರೆ ಫೈಲು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲ, ಅಷ್ಟೇ. ತಲೆಯ ಮೇಲೆ ಗೆರೆ ಹೊತ್ತ ರೋಮನ್ ಎ ಅಕ್ಷರ, ಪಕ್ಕದಲ್ಲಿ ಸಣ್ಣ ಎರಡು ಅಥವಾ ಮೂರು, ಇದೇ ಜೋಡಿ ಮತ್ತೆ ಮತ್ತೆ ಬಂದರೆ ಯುಟಿಎಫ್-8 ಫೈಲನ್ನು ವಿಂಡೋಸ್‌ನ ಹಳೆಯ 1252 ಕೋಡ್ ಪುಟದ ಪ್ರಕಾರ ಓದಲಾಗುತ್ತಿದೆ. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟು 224, ಎರಡನೆಯದು 178 ಅಥವಾ 179, ಅದಕ್ಕೇ ಆ ಜೋಡಿ. ಹೆದರಬೇಕಾಗಿಲ್ಲ, ಸರಿಯಾದ ಎನ್‌ಕೋಡಿಂಗ್ ಹೇಳಿ ಮತ್ತೆ ಓದಿಸಿದರೆ ವಾಪಸು ಬರುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಆ ಫೈಲಿನ ಆಸೆ ಬಿಡು. ಎಕ್ಸೆಲ್‌ನಲ್ಲಿ ಬರೀ ‘ಸಿಎಸ್‌ವಿ’ ಎಂದು ಸೇವ್ ಮಾಡಿದಾಗ ಆಗುವುದು ಇದು. ಕನ್ನಡಕ್ಕೆ ಜಾಗವೇ ಇಲ್ಲದ ಕೋಡ್ ಪುಟಕ್ಕೆ ಬರೆಯಲು ಹೋಗಿ ಪ್ರತಿ ಗುರುತಿನ ಜಾಗದಲ್ಲೂ ಪ್ರಶ್ನೆ ಇಟ್ಟಿರುತ್ತದೆ. ಕಳಿಸಿದವರ ಹತ್ತಿರ ಎಕ್ಸೆಲ್ ಫೈಲೇ ಇದೆಯೇ ಎಂದು ಕೇಳು, ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲಿ ಮತ್ತೆ ಕಳಿಸಲು ಹೇಳು. ಹೊಸ ಎಕ್ಸೆಲ್‌ಗಳಲ್ಲಿ ಆ ಆಯ್ಕೆ ಪಟ್ಟಿಯಲ್ಲೇ ಇದೆ.

ಇನ್ನೊಂದು ಬಗೆ: ಪೌಂಡ್ ಚಿಹ್ನೆ, ಡಿಗ್ರಿಯಂಥ ಸುತ್ತು, ಗೆರೆ ಹೊತ್ತ ದೊಡ್ಡ ಎ, ಎಲ್ಲ ಕಲಸುಮೇಲೋಗರ, ಆದರೆ ಮೇಲೆ ಹೇಳಿದ ಜೋಡಿ ಮರುಕಳಿಸುವುದಿಲ್ಲ. ಅದು ನುಡಿ ಅಥವಾ ಬರಹದ ಹಳೆಯ ಆ್ಯಸ್ಕಿ ಪಠ್ಯ.

• ಆ ಹಳೆಯ ಪಠ್ಯದ ಬಗ್ಗೆ ಸ್ವಲ್ಪ ನಿಧಾನವಾಗಿ ಕೇಳು, ಮಗಳೇ. ಈಗಿನ ಹುಡುಗರು ಅದನ್ನು ಕಸ ಎನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಯೂನಿಕೋಡ್ ಎಲ್ಲ ಕಂಪ್ಯೂಟರಿಗೂ ಬರುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ ಇಲ್ಲದಿದ್ದರೆ ನಮ್ಮ ಡಿಟಿಪಿ ಅಂಗಡಿಗಳೂ ಇಲ್ಲ, ಕಚೇರಿಯ ಕನ್ನಡವೂ ಇಲ್ಲ. ಇವತ್ತು ನೀನು ಒತ್ತುವ ಕೀಲಿಗಳ ಜೋಡಣೆ ಕೆ.ಪಿ. ರಾವ್ ಅವರು ಹಾಕಿಕೊಟ್ಟದ್ದು. ಆ ಕಾಲದ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು.

ಆದ್ದರಿಂದ ಅದನ್ನು ಎನ್‌ಕೋಡಿಂಗ್ ಬದಲಿಸಿ ಸರಿಮಾಡಲು ಬರುವುದಿಲ್ಲ, ಪರಿವರ್ತಕವೇ ಬೇಕು. ಎರಡು ಎಚ್ಚರಿಕೆ. ವರ್ಡ್ ಅಥವಾ ಎಕ್ಸೆಲ್ ಫೈಲಿನಲ್ಲಿ ಯಾವ ಕೋಶಕ್ಕೆ ಯಾವ ಫಾಂಟ್ ಎಂಬ ಮಾಹಿತಿ ಇರುತ್ತದೆ, ಸಿಎಸ್‌ವಿ ಮಾಡಿದ ಗಳಿಗೆಗೆ ಅದು ಹೋಗುತ್ತದೆ. ಹಾಗಾಗಿ ಪರಿವರ್ತನೆ ಮೊದಲು, ಸಿಎಸ್‌ವಿ ಆಮೇಲೆ. ಎರಡನೆಯದು, ಇಂಗ್ಲಿಷ್ ಬೆರೆತ ಕಾಲಮ್ಮನ್ನು ಹಾಗೇ ಪರಿವರ್ತಕಕ್ಕೆ ಕೊಟ್ಟರೆ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಗೋಜಲಾಗಿ ಹೊರಬರುತ್ತವೆ. ಫಾಂಟ್ ನೋಡಿ ಕೋಶ ಬೇರೆ ಮಾಡಿಕೊಂಡೇ ಕೊಡು. ಪರಿವರ್ತನೆ ಆದಮೇಲೆ ಮೇಲಿನ ಸೊನ್ನೆ ಮತ್ತು ಎನ್‌ಎಫ್‌ಸಿ ಎರಡನ್ನೂ ಮತ್ತೆ ಓಡಿಸು.

• ದಿನಾಂಕ. ಇದರಲ್ಲಿ ಆಗುವಷ್ಟು ಸದ್ದಿಲ್ಲದ ಹಾನಿ ಬೇರೆಲ್ಲೂ ಇಲ್ಲ, ಯಾಕೆಂದರೆ ತಪ್ಪಾದ ದಿನಾಂಕವೂ ದಿನಾಂಕದ ಹಾಗೆಯೇ ಕಾಣುತ್ತದೆ.

ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಅದನ್ನು 10-08-2024 ಎಂದು ಬರೆದ ಫೈಲನ್ನು ಅಮೆರಿಕದ ಸೆಟಿಂಗ್ ಇರುವ ಕಂಪ್ಯೂಟರಿನಲ್ಲಿ ತೆರೆ. ಅದು ಅಕ್ಟೋಬರ್ 8 ಎಂದು ಓದುತ್ತದೆ. ಆಗಸ್ಟಿನ ಹೊರಹರಿವು ಅಕ್ಟೋಬರಿಗೆ ಹೋಗಿ ಕೂರುತ್ತದೆ, ಗ್ರಾಫ್ ಬರೆದವರಿಗೆ ದಸರೆ ಹೊತ್ತಿನಲ್ಲಿ ಪ್ರವಾಹ ಕಾಣುತ್ತದೆ. ಅಮೆರಿಕದ ಸೆಟಿಂಗ್ ಇಲ್ಲಿಗೆ ಯಾಕೆ ಬಂತು ಎಂದು ಕೇಳಬೇಡ. ವಿಂಡೋಸ್ ಹಾಕುವಾಗ ಪ್ರದೇಶ ಕೇಳಿದ ಕಡೆ ಮುಂದೆ ಮುಂದೆ ಒತ್ತಿಕೊಂಡು ಹೋದ ಕಂಪ್ಯೂಟರು ಊರಲ್ಲಿ ಎಷ್ಟಿಲ್ಲ!

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದು ತಿಂಗಳ ಪಟ್ಟಿ ತೆರೆದಾಗ 1ರಿಂದ 12ರವರೆಗಿನ ದಿನಗಳು ಕೋಶದ ಬಲಕ್ಕೆ, 13ರಿಂದ ಮುಂದಿನವು ಎಡಕ್ಕೆ ಅಂಟಿಕೊಂಡಿದ್ದರೆ ಎಕ್ಸೆಲ್ ಮೊದಲ ಹನ್ನೆರಡನ್ನು ತಿರುವಿ ಹಾಕಿದೆ, ಹದಿಮೂರನೆಯ ತಿಂಗಳು ಇಲ್ಲದ್ದರಿಂದ ಉಳಿದವನ್ನು ಪಠ್ಯವಾಗಿ ಬಿಟ್ಟಿದೆ. ಪೈಥಾನಿನ ಪಾಂಡಾಸ್ ಕೂಡ 2023ರ 2.0 ಆವೃತ್ತಿಗೆ ಮೊದಲು ಹೀಗೆಯೇ ಒಂದೇ ಕಾಲಮ್ಮಿನಲ್ಲಿ ಕೆಲವನ್ನು ಒಂದು ರೀತಿ, ಕೆಲವನ್ನು ಇನ್ನೊಂದು ರೀತಿ ಓದಿಬಿಡುತ್ತಿತ್ತು. ಈಗ ಮೊದಲ ಸಾಲಿನಿಂದ ರೂಪ ಊಹಿಸಿ ಅದನ್ನೇ ಎಲ್ಲಕ್ಕೂ ಹಚ್ಚುತ್ತದೆ. ಎರಡು ಕಂಪ್ಯೂಟರಿನಲ್ಲಿ ಒಂದೇ ಕೋಡ್, ಒಂದೇ ಫೈಲು, ಫಲ ಮಾತ್ರ ಬೇರೆ ಅಂದರೆ ಲೈಬ್ರರಿಯ ಆವೃತ್ತಿ ನೋಡುವುದನ್ನು ಮರೆಯಬೇಡ. ಊಹೆಗೆ ಬಿಡದೆ ರೂಪವನ್ನು ನೀನೇ ಹೇಳು.

ಬರೆಯುವಾಗ ಯಾವಾಗಲೂ 2024-08-10. ವರ್ಷ, ತಿಂಗಳು, ದಿನ. ಐಎಸ್‌ಒ 8601 ಹೇಳುವುದೂ ಅದನ್ನೇ. ಪಠ್ಯದಂತೆ ವಿಂಗಡಿಸಿದರೂ ಕಾಲಕ್ರಮದಲ್ಲೇ ಬರುತ್ತದೆ. ಹಳೆಯ ಮ್ಯಾಕಿನ ಎಕ್ಸೆಲ್ ಫೈಲಿನಲ್ಲಿ ದಿನಾಂಕಗಳೆಲ್ಲ ಒಟ್ಟಿಗೆ 1,462 ದಿನ ಹಿಂದೆ ಮುಂದೆ ಆಗಿದ್ದರೆ ಗಾಬರಿ ಬೀಳಬೇಡ. ಒಂದು 1900ರಿಂದ ಎಣಿಸುತ್ತದೆ, ಇನ್ನೊಂದು 1904ರಿಂದ.

• ಸಂಖ್ಯೆಯ ಚುಕ್ಕಿ, ಅಲ್ಪವಿರಾಮ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು, ಹೂಳು ತುಂಬಿ ಈಗ ಲೆಕ್ಕದಲ್ಲಿರುವುದು 105.788. ಇದೇ ಸಂಖ್ಯೆಯನ್ನು ಜರ್ಮನಿಯಲ್ಲಿರುವ ನಿನ್ನ ಗೆಳತಿಯ ಎಕ್ಸೆಲ್‌ಗೆ ಕೊಟ್ಟರೆ ಒಂದು ಲಕ್ಷದ ಐದು ಸಾವಿರದ ಏಳುನೂರ ಎಂಬತ್ತೆಂಟು ಎಂದು ಓದುತ್ತದೆ. ಅಲ್ಲಿ ಚುಕ್ಕಿ ಸಾವಿರದ ಗುರುತು, ದಶಮಾಂಶಕ್ಕೆ ಅಲ್ಪವಿರಾಮ. ಚುಕ್ಕಿಯ ಮುಂದೆ ಸರಿಯಾಗಿ ಮೂರು ಅಂಕಿ ಇರುವುದರಿಂದ ಅದಕ್ಕೆ ಅನುಮಾನವೇ ಬರುವುದಿಲ್ಲ. ಅದೇ ಕಾರಣಕ್ಕೆ ಅಲ್ಲಿಯ ಸಿಎಸ್‌ವಿಯಲ್ಲಿ ಕಾಲಮ್ಮುಗಳ ನಡುವೆ ಅಲ್ಪವಿರಾಮದ ಬದಲು ಅರ್ಧವಿರಾಮ ಇರುತ್ತದೆ. ಯುರೋಪಿನಿಂದ ತರಿಸಿದ ಅಳತೆ ಯಂತ್ರಗಳು ಹೊರಹಾಕುವ ಫೈಲಿನಲ್ಲೂ ಇದನ್ನು ನೋಡಬಹುದು. ಸಂಡೂರಿನ ಅದಿರಿನ ಕಬ್ಬಿಣದಂಶ 62,50 ಎಂದು ಬಂದರೆ ಅದು ಅರವತ್ತೆರಡೂವರೆ, ಎರಡು ಕಾಲಮ್ಮಲ್ಲ.

ನಮ್ಮ ಕಡೆಯದು ಇನ್ನೊಂದು ಪರಿ: 1,05,788. ಮನುಷ್ಯರಿಗೆ ಓದಲು ಹಿತ, ಸಿಎಸ್‌ವಿಯಲ್ಲಿ ಮೂರು ತುಂಡು. ಫೈಲಿನಲ್ಲಿ ಬೇಡವೇ ಬೇಡ, ಮುದ್ರಿಸುವಾಗ ಹಾಕಿಕೊ.

ಪ್ರೋಗ್ರಾಂ ಕೂಡ ಯಂತ್ರದ ಸೆಟಿಂಗ್ ನೋಡಿ ರಾಗ ಬದಲಿಸುತ್ತದೆ. ಪೈಥಾನಿನಲ್ಲಿ ಪಠ್ಯವನ್ನು ದಶಮಾಂಶ ಸಂಖ್ಯೆ ಮಾಡುವುದು ಎಲ್ಲ ಕಡೆ ಒಂದೇ ಥರ. ಜಾವಾದಲ್ಲಿ ಸಂಖ್ಯೆಯನ್ನು ಫಾರ್ಮ್ಯಾಟ್ ಮಾಡಿ ಬರೆದರೆ ಯಂತ್ರದ ಲೊಕೇಲ್ ಪ್ರಕಾರ ಚುಕ್ಕಿಯೋ ಅಲ್ಪವಿರಾಮವೋ ಬರುತ್ತದೆ, ಲೊಕೇಲನ್ನು ಕೈಯಾರೆ ಹೇಳದ ಹೊರತು. ಕನ್ನಡ ಅಂಕಿಯ ಕಥೆಯೂ ಹೀಗೇ. ‘೧೬೩೩’ ಎಂದು ಅಣೆಕಟ್ಟೆಯ ಪೂರ್ಣ ಮಟ್ಟವನ್ನು ಅಡಿಯಲ್ಲಿ ಕೊಟ್ಟರೆ ಪೈಥಾನ್ ತಕರಾರಿಲ್ಲದೆ 1633 ಮಾಡಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಬಾಗಿಲಲ್ಲೇ ಒಂದು ರೂಪಕ್ಕೆ ತಂದುಬಿಡು.

• ಸರ್ವೆ ನಂಬರು. ಕಂಪ್ಲಿ ಭಾಗದ ಗದ್ದೆಯ ಪಹಣಿ ಪಟ್ಟಿ ಮಾಡುವಾಗ ಇದು ಕಾಡದೆ ಬಿಡುವುದಿಲ್ಲ. ಸರ್ವೆ 12, ಹಿಸ್ಸಾ 3 ಎಂಬುದನ್ನು 12/3 ಎಂದು ಬರೆದರೆ ಭಾರತದ ಸೆಟಿಂಗಿನ ಎಕ್ಸೆಲ್ ಮಾರ್ಚ್ 12 ಮಾಡುತ್ತದೆ, ಅಮೆರಿಕದ್ದು ಡಿಸೆಂಬರ್ 3 ಮಾಡುತ್ತದೆ. ಸೇವ್ ಆದಮೇಲೆ ಆ ಹೊಲ ಯಾರದು ಎಂದು ಫೈಲು ನೋಡಿ ಹೇಳಲಾಗುವುದಿಲ್ಲ. ನಮಗೊಬ್ಬರಿಗೇ ಬಂದ ಕಷ್ಟವಲ್ಲ ಇದು. ಮಾನವ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಎಕ್ಸೆಲ್ ಅವನ್ನು ಮಾರ್ಚ್, ಸೆಪ್ಟೆಂಬರ್ ತಾರೀಕು ಮಾಡುತ್ತಿದೆ ಎಂದು ಕೆಲವು ಜೀನುಗಳ ಹೆಸರನ್ನೇ ಬದಲಿಸಿತು. 2020ರಲ್ಲಿ ಅದಕ್ಕೆಂದೇ ಹೊಸ ನಿಯಮ ಹೊರಡಿಸಿತು. 2023ರಲ್ಲಿ ಎಕ್ಸೆಲ್ ಅಂಥ ಅಕ್ಷರ, ಅಂಕಿ ಕೂಡಿದ ಹೆಸರನ್ನು ತಾನಾಗಿ ತಾರೀಕು ಮಾಡುವ ಚಟವನ್ನು ಆಫ್ ಮಾಡುವ ಆಯ್ಕೆ ಕೊಟ್ಟಿದೆ, 12/3ಕ್ಕೆ ಅದನ್ನು ನಂಬಬೇಡ, ಎಲ್ಲ ಕಚೇರಿಯಲ್ಲೂ ಆ ಆವೃತ್ತಿಯೂ ಇರಬೇಕಲ್ಲ. ಸರ್ವೆಗೆ ಒಂದು ಕಾಲಂ, ಹಿಸ್ಸಾಕ್ಕೆ ಒಂದು ಕಾಲಂ ಮಾಡಿಸು. ತಕರಾರೇ ಮುಗಿಯಿತು.

• ಲೆಕ್ಕ ಮಾಡದ ಅಂಕಿ ಸಂಖ್ಯೆಯಲ್ಲ, ಪಠ್ಯ. ಹೊಸಪೇಟೆಯ ದೂರವಾಣಿ ಕೋಡ್ 08394ರ ಮೊದಲ ಸೊನ್ನೆ ಎಕ್ಸೆಲ್‌ನಲ್ಲಿ ಉದುರುತ್ತದೆ. ಆಧಾರ್‌ನ 12 ಅಂಕಿ ಘಾತದ ರೂಪದಲ್ಲಿ ಕಾಣುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ 15 ಅಂಕಿಗಿಂತ ಹೆಚ್ಚು ನೆನಪಿಡುವುದಿಲ್ಲ. ಕೊನೆಯದು ದುಡ್ಡಿನ ವಿಚಾರ, ನಗೆಯ ವಿಚಾರವಲ್ಲ.

• ಊರಿನ ಹೆಸರನ್ನು ಕೀಲಿಯಾಗಿ ಬಳಸಬೇಡ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಬರವಣಿಗೆ ಬದಲಾಯಿತು. ಹಾಸ್ಪೆಟ್ ಹೊಸಪೇಟೆಯಾಯಿತು, ಬೆಳ್ಳಾರಿ ಬಳ್ಳಾರಿಯಾಯಿತು. ಹಳೆಯ ಫೈಲಿನಲ್ಲಿ ಹಳೆಯದೇ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ ಅತ್ತ ಹೋಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಯ ಹೆಸರು ಹಿಡಿದು 2011ರ ಜನಗಣತಿಯನ್ನು ಈಗಿನ ಪಟ್ಟಿಗೆ ಹೊಲಿಯಲು ಹೋದರೆ ಬಟ್ಟೆ ಕೂಡುವುದಿಲ್ಲ. ರೈಲಿನವರು ಜಾಣರು, ಊರಿನ ಬರವಣಿಗೆ ಏನಾದರೂ ಆಗಲಿ ನಿಲ್ದಾಣದ ಕೋಡ್ ಎಚ್‌ಪಿಟಿ ಹಾಗೇ ಇದೆ. ಹಳ್ಳಿ, ತಾಲ್ಲೂಕುಗಳಿಗೆ ಕೇಂದ್ರ ಸರ್ಕಾರದ ಎಲ್‌ಜಿಡಿ ಕೋಡ್ ಸಿಗುತ್ತದೆ, ಅದನ್ನೇ ಕೀಲಿ ಮಾಡಿಕೊ. ಹೆಸರು ಓದಲಿಕ್ಕಿರಲಿ.

• ಸಾಲಿನ ಕೊನೆ: ವಿಂಡೋಸ್ 13, 10 ಎಂದು ಎರಡು ಬೈಟು ಇಡುತ್ತದೆ, ಲಿನಕ್ಸ್ ಬರೀ 10. ಸಿಎಸ್‌ವಿಯನ್ನು ವಿವರಿಸುವ 2005ರ ಆರ್‌ಎಫ್‌ಸಿ 4180 ಎರಡು ಬೈಟು ಇರಲಿ ಎನ್ನುತ್ತದೆ, ಅದನ್ನು ಪಾಲಿಸದವರೇ ಹೆಚ್ಚು. ಕೊನೆಯ ಕಾಲಮ್ಮಿನ ಹೆಸರು ಮಾತ್ರ ಹೊಂದುತ್ತಿಲ್ಲ, ಉಳಿದವೆಲ್ಲ ಹೊಂದುತ್ತಿವೆ ಅಂದರೆ ಅದರ ಬಾಲದಲ್ಲಿ 13 ಅಂಟಿದೆ. ಗಿಟ್ ಬಳಸುವವರಾದರೆ ರೆಪೊಸಿಟರಿಯಲ್ಲೇ ಗಿಟ್‌ಆಟ್ರಿಬ್ಯೂಟ್ಸ್ ಫೈಲು ಇಟ್ಟು ತೀರ್ಮಾನ ಮಾಡಿ, ಒಬ್ಬೊಬ್ಬರ ಕಂಪ್ಯೂಟರಿನ ಸೆಟಿಂಗಿಗೆ ಬಿಡಬೇಡಿ.

• ವಿಳಾಸದ ಕೋಶದೊಳಗೆ ಎಂಟರ್ ಒತ್ತಿ ಎರಡು ಸಾಲು ಮಾಡಿರುತ್ತಾರೆ. ಸಾಲು ಎಣಿಸಿ ರೈತರನ್ನು ಎಣಿಸಿದೆ ಅಂದುಕೊಳ್ಳಬೇಡ.

• ವಿಂಡೋಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಲಿನಕ್ಸ್‌ಗೆ ಬೇರೆ. ಎಲ್ಲ ಸಣ್ಣಕ್ಷರದಲ್ಲೇ ಇಡು.

• ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೇಳದೆ ತೆರೆಯಬೇಡ. ಹೇಳದಿದ್ದರೆ ಪೈಥಾನ್ ಆಯಾ ಯಂತ್ರದ ರೂಢಿ ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಯುಟಿಎಫ್-8, ವಿಂಡೋಸ್‌ನಲ್ಲಿ ಇಷ್ಟು ದಿನ 1252. ನಿನ್ನ ಲ್ಯಾಪ್‌ಟಾಪ್ ಒಂದು, ಆಫೀಸು ಒಂದು ಆಗಿದ್ದರ ಬಹುಪಾಲು ಕಾರಣ ಇದೇ ಇದ್ದೀತು. ಹೊರಗಿನಿಂದ ಬಂದದ್ದನ್ನು ಓದುವಾಗ ‘ಯುಟಿಎಫ್-8-ಸಿಗ್’ ಎಂದು ಹೇಳು, ತಲೆಯಲ್ಲಿ ಬಿಒಎಂ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕಳಿಸುವಾಗಲೂ ಅದನ್ನೇ ಬಳಸು, ಬಿಒಎಂ ನೋಡಿಯೇ ಎಕ್ಸೆಲ್ ಕನ್ನಡ ಗುರುತಿಸುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡ್ 2019ರಿಂದ ತಾನಾಗಿಯೇ ಯುಟಿಎಫ್-8ರಲ್ಲಿ ಸೇವ್ ಮಾಡುತ್ತದೆ, ಅದಕ್ಕೂ ಹಳೆಯ ಕಂಪ್ಯೂಟರು ಕಂಡರೆ ‘ಸೇವ್ ಆ್ಯಸ್’ನಲ್ಲಿ ಕೆಳಗೆ ಏನಿದೆ ನೋಡು.

• ಈ ರಿಪೇರಿಯನ್ನೆಲ್ಲ ಪ್ರೋಗ್ರಾಮಿನ ಹತ್ತು ಕಡೆ ಹರಡಬೇಡ. ಕಾಲುವೆಯ ತಲೆಯಲ್ಲೇ ಜಾಲರಿ ಇಟ್ಟು ಕಸ ಹಿಡಿಯುವ ಹಾಗೆ ಫೈಲು ಒಳಗೆ ಬರುವ ಒಂದೇ ಜಾಗದಲ್ಲಿ ಮಾಡು. ಅಲ್ಲಿ ಎಷ್ಟು ಸೊನ್ನೆ ಬದಲಾಯಿತು, ಎಷ್ಟು ದಿನಾಂಕ ಓದಲಾಗಲಿಲ್ಲ ಎಂದು ಎಣಿಸಿ ಒಂದು ವರದಿ ಬರೆಸು. ಓದಲಾಗದ ಸಾಲನ್ನು ಊಹಿಸಿ ತುಂಬಬೇಡ, ಬೇರೆ ಫೈಲಿಗೆ ಎತ್ತಿಡು, ಮನುಷ್ಯರು ನೋಡಲಿ.

• ಕಳಿಸಿದವರ ಜೊತೆ ಮಾತಾಡುವ ರೀತಿಯೂ ಕೆಲಸದ ಭಾಗವೇ. ಕಚೇರಿಯ ಆಪರೇಟರ್ ಅಕ್ಕನಿಗೆ ಫೋನ್ ಮಾಡಿ ‘ನಿಮ್ಮ ಫೈಲು ತಪ್ಪಿದೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅವರ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಇದೆ, ಅದು ಸುಳ್ಳಲ್ಲ. ‘ಅಕ್ಕಾ, ನನ್ನ ಕಂಪ್ಯೂಟರಿನಲ್ಲಿ ಬೇರೆ ಥರ ಬರ್ತಿದೆ, ಯಾವುದರಲ್ಲಿ ಟೈಪ್ ಮಾಡಿದಿರಿ, ನುಡಿನಾ ಯೂನಿಕೋಡಾ?’ ಎಂದು ಕೇಳು. ನೀನು ಎರಡು ದಿನ ಬೈಟು ಎಣಿಸಿ ಕಂಡುಹಿಡಿಯುವುದನ್ನು ಅವರು ಎರಡು ಮಾತಿನಲ್ಲಿ ಹೇಳಿಬಿಡುತ್ತಾರೆ.

• ಕೊಡುವ ಪ್ರತಿ ಫೈಲಿನ ಜೊತೆ ಒಂದು ಸಣ್ಣ ಟಿಪ್ಪಣಿ ಇಡು. ಎನ್‌ಕೋಡಿಂಗ್ ಯಾವುದು, ಕಾಲಮ್ಮುಗಳ ನಡುವೆ ಏನಿದೆ, ದಿನಾಂಕದ ರೂಪ, ದಶಮಾಂಶದ ಗುರುತು, ಅಳತೆಯ ಮಾನ (ನೀರಾದರೆ ಅಡಿಯೋ ಮೀಟರೋ, ಕ್ಯುಸೆಕ್ಸೋ ಟಿಎಂಸಿಯೋ), ಸಾಲುಗಳ ಸಂಖ್ಯೆ. ಸಿಎಸ್‌ವಿ ಇದಾವುದನ್ನೂ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಿಲ್ಲ. ಅದರ ದೊಡ್ಡ ಕೊರತೆ ಅದೇ. ಎಕ್ಸೆಲ್‌ನ ಮೇಲೆ ಎಲ್ಲರೂ ಸಿಟ್ಟು ತೀರಿಸಿಕೊಳ್ಳುತ್ತಾರೆ, ನನ್ನ ಕೇಳಿದರೆ ತಪ್ಪಿನಲ್ಲಿ ಅರ್ಧ ಪಾಲು ಈ ಮೂಕ ಫೈಲಿನದು.

• ಕಡೆಯದಾಗಿ, ಒಂದು ಪರೀಕ್ಷೆ ಫೈಲು ಮಾಡಿಟ್ಟುಕೊ. ಅದರಲ್ಲಿ ಎರಡೂ ಸೊನ್ನೆಯ ಹಂಪಿ, ಕೂಡಿಸಿದ ಮತ್ತು ಬಿಚ್ಚಿದ ಹೊಸಪೇಟೆ, 8204 ಇರುವ ಒಂದು ಹೆಸರು, ಆಗಸ್ಟ್ 10 ಮತ್ತು 13ರ ದಿನಾಂಕ, 105.788, 12/3, 08394, 16 ಅಂಕಿಯ ಒಂದು ಸುಳ್ಳು ಖಾತೆ ಸಂಖ್ಯೆ, ಕೋಶದೊಳಗೆ ಎರಡು ಸಾಲಿನ ಒಂದು ವಿಳಾಸ ಇರಲಿ. ಇದನ್ನು ಕೀಲಿಮಣೆಯಲ್ಲಿ ಟೈಪ್ ಮಾಡಬೇಡ, ಯಾವ ಸೊನ್ನೆ ಬಿತ್ತೋ ನಿನಗೇ ತಿಳಿಯದು. 3202, 3302, 3270, 3266 ಎಂದು ಸಂಖ್ಯೆ ಕೊಟ್ಟೇ ಪ್ರೋಗ್ರಾಮಿನಿಂದ ಬರೆಸು. ಹೊಸ ಕಚೇರಿಯ ಜೊತೆ ಕೆಲಸ ಶುರುವಾದಾಗ ಮೊದಲು ಇದನ್ನು ಕಳಿಸು, ಅವರು ದಿನಾ ತೆರೆಯುವ ಹಾಗೆಯೇ ತೆರೆದು, ಸೇವ್ ಮಾಡಿ ವಾಪಸು ಕಳಿಸಲಿ. ವಾಟ್ಸ್‌ಆ್ಯಪ್ ಆದರೆ ಡಾಕ್ಯುಮೆಂಟಾಗಿ ಕಳಿಸಲು ಹೇಳು, ಮೆಸೇಜಿನಲ್ಲಿ ಪೇಸ್ಟ್ ಮಾಡುವುದು ಬೇಡ. ಬಂದದ್ದನ್ನು ಮೂಲದ ಜೊತೆ ಬೈಟಿಗೆ ಬೈಟು ಹೋಲಿಸು. ಯಾವ ಸಾಲು ಬದಲಾಗಿದೆಯೋ ಅದನ್ನು ಆ ಕಚೇರಿಯ ಹೆಸರಿನ ಮುಂದೆ ಬರೆದಿಡು, ನಿನ್ನ ನಂತರ ಆ ಕುರ್ಚಿಗೆ ಬರುವವರಿಗೂ ಬೇಕಾಗುತ್ತದೆ.